ಮೂವತ್ತೊಂದು ಕಿಲೋಮೀಟರ್ ಆಚೆಯ ಕೈ

ಮೋಟಾರಿಗೆ ಸ್ವಂತ ಬುದ್ಧಿ ಎಂಬುದಿಲ್ಲ. ಸೆಕೆಂಡಿಗೆ ಐವತ್ತು ಅಲೆಯ ಕರೆಂಟು ಕೊಟ್ಟರೆ ಐವತ್ತರ ವೇಗಕ್ಕೆ ತಿರುಗುತ್ತದೆ, ನಲವತ್ತು ಕೊಟ್ಟರೆ ನಲವತ್ತಕ್ಕೆ ಇಳಿಯುತ್ತದೆ. ಈ ಅಲೆಗಳನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಿಕೊಡುವ, ಬೀರುವಿನಷ್ಟು ಎತ್ತರದ ಪೆಟ್ಟಿಗೆಗೆ ಇನ್‌ವರ್ಟರ್ ಎನ್ನುತ್ತಾರೆ. ಹೊರಗಿನಿಂದ ಬಂದ ಕರೆಂಟನ್ನು ಅದು ಮೊದಲು ಅಲೆಯೇ ಇಲ್ಲದಂತೆ ಸಪಾಟು ಮಾಡುತ್ತದೆ. ಆಮೇಲೆ ಅದನ್ನು ಸಣ್ಣ ಸಣ್ಣ ತುಂಡಾಗಿ ಕತ್ತರಿಸಿ, ನಮಗೆ ಬೇಕಾದ ಅಲೆಯನ್ನು ಹೊಸದಾಗಿ ಕಟ್ಟುತ್ತದೆ. ಪೆಟ್ಟಿಗೆಯ ಮುಂದೆ ಒಂದು ತಿರುಗುಗುಂಡಿ ಇರುತ್ತದೆ. ಆ ಗುಂಡಿಯ ಪಕ್ಕದಲ್ಲಿ ಕುಳಿತಿರುವುದೇ ಹನ್ನೊಂದು ವರ್ಷ ನನ್ನ ಕೆಲಸವಾಗಿತ್ತು.

ಕುಳಿತಿರುವುದು ಎಂದು ಸುಮ್ಮನೆ ಹೇಳಲಿಲ್ಲ. ಕೃಷ್ಣಾ ನದಿಯಿಂದ ನಗರಕ್ಕೆ ನೀರೆತ್ತುವ ನಮ್ಮ ನಿಗಮದ ಸಾಲಿನಲ್ಲಿ ಮೂರು ಪಂಪ್‌ಹೌಸ್‌ಗಳಿವೆ. ಮೂರನ್ನೂ ನಗರದ ಕಂಟ್ರೋಲ್ ರೂಮಿನಿಂದಲೇ ನಡೆಸುತ್ತಾರೆ. ಹಿಂದೊಮ್ಮೆ ಎಲ್ಲ ಕೆಲಸಗಾರರನ್ನೂ ತೆಗೆದುಹಾಕಿ ಬಾಗಿಲಿಗೆ ಬೀಗ ಜಡಿದಿದ್ದರಂತೆ. ಆಗ ಎಲ್ಲೋ ಕೊಳವೆ ಒಡೆದು, ನೋಡುವವರಿಲ್ಲದೆ ಒಂದು ಊರಿನ ಕೇರಿಯೇ ಕೊಚ್ಚಿಹೋಯಿತು. ಆಮೇಲೆ ಸರ್ಕಾರ ನಿಯಮ ಮಾಡಿತು: ಒಂದು ಪಂಪ್‌ಹೌಸಿಗೆ ಒಬ್ಬ ಮನುಷ್ಯ ಇರಲೇಬೇಕು, ಅವನ ಕೈಗೆ ಸಿಗುವಂತೆ ಗುಂಡಿ ಇರಲೇಬೇಕು. ಒಬ್ಬ ಎಂದರೆ ಒಬ್ಬನೇ ಎಂದು ನಿಗಮ ಅರ್ಥ ಮಾಡಿಕೊಂಡಿತು. ಹಾಗೆ ಮೂರನೇ ಪಂಪ್‌ಹೌಸಿಗೆ ಸಿಕ್ಕ ಒಬ್ಬಳು ನಾನು, ದಾನೇಶ್ವರಿ ತೆಲಗಿ. ಆಗ ನನಗೆ ಮೂವತ್ತೇಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು. ಹಾಳು ಬಯಲಿನ ನಡುವೆ ಒಂದು ಕೋಣೆಯ ಕ್ವಾರ್ಟರ್ಸ್ ಕೊಟ್ಟರೆ ಬೇಡ ಎನ್ನುವಷ್ಟು ಸೊಕ್ಕು ನನಗಿರಲಿಲ್ಲ.

ಅಲ್ಲಿ ಮೊಬೈಲ್ ಹತ್ತುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಫೋನಿತ್ತು, ಅದು ಕಂಟ್ರೋಲ್ ರೂಮಿಗೆ ಮಾತ್ರ. ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತಿತ್ತು. ಹದಿನೈದು ದಿನಕ್ಕೊಂದು ಭಾನುವಾರ ಬದಲಿ ಆಳನ್ನೂ ದಿನಸಿಯನ್ನೂ ಹೊತ್ತು ಜೀಪು ಬರುತ್ತಿತ್ತು. ಉಳಿದ ದಿನವೆಲ್ಲ ನಾನು, ನಾಲ್ಕು ಮೋಟಾರು, ಗೋಡೆಯ ಮೇಲಿನ ಒತ್ತಡದ ಮುಳ್ಳು.

ಆ ಮುಳ್ಳಿನಿಂದಲೇ ನದಾಫರ ಪರಿಚಯವಾದದ್ದು. ಪರಿಚಯ ಎಂದರೆ ಮುಖ ಕಂಡವಳಲ್ಲ, ದನಿ ಕೇಳಿದವಳಲ್ಲ. ಡ್ಯೂಟಿ ಪಟ್ಟಿಯಲ್ಲಿ ಎರಡನೇ ಪಂಪ್‌ಹೌಸಿನ ಎದುರು ‘ಸಿ. ಎಚ್. ನದಾಫ’ ಎಂದು ಬರೆದಿತ್ತು, ಅಷ್ಟೇ. ಆ ಪಂಪ್‌ಹೌಸು ನನ್ನದಕ್ಕಿಂತ ಮೂವತ್ತೊಂದು ಕಿಲೋಮೀಟರ್ ಕೆಳಗೆ, ನದಿಯ ಕಡೆಗೆ. ನಮ್ಮಿಬ್ಬರಿಗೂ ಒಂದೇ ಭಾನುವಾರ ರಜೆ. ಅವರ ಜೀಪು ನದಿಯ ಕಡೆಯಿಂದ ಬರುತ್ತಿತ್ತು, ನನ್ನದು ನಗರದ ಕಡೆಯಿಂದ. ಹಾಗಾಗಿ ಭೇಟಿಯ ಪ್ರಶ್ನೆಯೇ ಇರಲಿಲ್ಲ.

ನಾನು ಸೇರಿದ ವರ್ಷ ಬಿರುಗಾಳಿಗೆ ಕಂಬ ಬಿದ್ದು ಎಂಟು ದಿನ ಫೋನು ಸತ್ತಿತ್ತು. ಮೂರನೇ ದಿನ ಬೆಳಿಗ್ಗೆ ಆರಕ್ಕೆ ಮುಳ್ಳು ಎರಡು ಸಲ ಮೇಲೆ ಹೋಗಿ ಒಂದು ಸಲ ಕೆಳಗೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಹಾಗೇ, ಸಂಜೆ ಆರಕ್ಕೆ ಮತ್ತೆ ಹಾಗೇ. ಕೆಳಗಿನ ಮನುಷ್ಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಾನೆ ಎಂದು ಆಗ ಹೊಳೆಯಿತು. ಅಲ್ಲಿ ಕಾಲು ಹರ್ಟ್ಜ್, ಅಂದರೆ ಸೆಕೆಂಡಿಗೆ ಕಾಲು ಅಲೆ, ಏರಿಸಿದರೆ ಪಂಪು ಒಂದಿಷ್ಟು ಜೋರಾಗುತ್ತದೆ, ಆ ಒತ್ತಡ ಕೊಳವೆಯ ನೀರಿನಲ್ಲೇ ಓಡಿ ಅರ್ಧ ನಿಮಿಷದಲ್ಲಿ ನನ್ನ ಮುಳ್ಳನ್ನು ಮುಟ್ಟುತ್ತದೆ. ನಾನೂ ನನ್ನ ಗುಂಡಿ ತಿರುಗಿಸಿದೆ. ಎರಡು ಏರು, ಒಂದು ಇಳಿ. ನಾನಿದ್ದೇನೆ.

ಅಷ್ಟು ಸಣ್ಣ ಅಲುಗಾಟವನ್ನು ಕಂಟ್ರೋಲ್ ರೂಮು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹನ್ನೊಂದು ವರ್ಷ, ದಿನಕ್ಕೆ ಮೂರು ಹೊತ್ತು, ಗಡಿಯಾರ ತಪ್ಪಿದರೂ ನದಾಫರು ತಪ್ಪಲಿಲ್ಲ. ಒಂದು ಉದ್ದನೆಯ ಏರು ಎಂದರೆ ಹೇಗಿದ್ದೀರಿ. ಎರಡು ಚಿಕ್ಕ ಅಲುಗು ಎಂದರೆ ಆರಾಮ. ರಮಜಾನಿನ ಚಂದ್ರ ಕಂಡ ಸಂಜೆ ಅವರು ಮೂರು ಉದ್ದ ಏರು ಕಳಿಸಿದರು. ಮರುವರ್ಷ ಯುಗಾದಿಗೆ ನಾನು ಅದನ್ನೇ ಕಳಿಸಿದೆ. ಒಮ್ಮೆ ನನಗೆ ಜ್ವರ ಬಂದು ಎರಡು ಹೊತ್ತು ತಪ್ಪಿದಾಗ, ಉತ್ತರ ಬರುವ ತನಕ ಹದಿನೈದು ನಿಮಿಷಕ್ಕೊಮ್ಮೆ ಕೇಳುತ್ತಲೇ ಇದ್ದರು. ನಿಗಮದ ಭಾಷೆಯಲ್ಲಿ ಇದು ಕರ್ತವ್ಯಲೋಪ. ನನ್ನ ಭಾಷೆಯಲ್ಲಿ ಏನೆಂದು ಆಗ ನಾನು ಹೆಸರಿಡಲು ಹೋಗಲಿಲ್ಲ. ಹೆಸರಿಟ್ಟರೆ ಅಕ್ಕಪಕ್ಕದವರು ಕೇಳುತ್ತಾರೆ. ನನಗೆ ಅಕ್ಕಪಕ್ಕದವರೇ ಇರಲಿಲ್ಲವಾದರೂ ಆ ಭಯವಂತೂ ಇತ್ತು.

ಹೊಸ ಇನ್‌ವರ್ಟರ್ ಬಂದದ್ದು ಆಗ. ಕಲಿಯುವ ಇನ್‌ವರ್ಟರ್ ಎಂದು ಅದಕ್ಕೆ ಹೆಸರು. ಊರಿನ ಮನೆಗಳಿಗೆ ಅದು ನಮಗಿಂತ ಮೊದಲೇ ಕಾಲಿಟ್ಟಿತ್ತು. ಫ್ಯಾನು ಗಡಗಡ ಎನ್ನುವುದು ನಿಂತಿತ್ತು, ಲಿಫ್ಟು ನಿಂತಾಗ ಹೊಟ್ಟೆ ತೊಳಸುವುದು ನಿಂತಿತ್ತು, ಹಿಟ್ಟಿನ ಗಿರಣಿಯ ಮುಂದೆ ನಿಂತು ಪಿಸುಮಾತು ಆಡಬಹುದಿತ್ತು. ಮೋಟಾರಿನ ನಡಿಗೆಯಲ್ಲಿ ಮತ್ತೆ ಮತ್ತೆ ಬರುವ ತೊಡಕು ಏನಿದ್ದರೂ ಆ ಯಂತ್ರ ಕಲಿತು ಅಳಿಸಿಹಾಕುತ್ತಿತ್ತು. ಜನ ಬಹಳ ಸಂತೋಷಪಟ್ಟರು. ಒಂದು ಮಂಗಳವಾರ ಎರಡನೇ ಪಂಪ್‌ಹೌಸಿಗೆ ಅದನ್ನು ಕೂಡಿಸಿದರೆಂದು ಸುತ್ತೋಲೆ ಬಂತು. ನನ್ನದಕ್ಕೆ ಮುಂದಿನ ತಿಂಗಳು.

ಅಂದು ಸಂಜೆ ಆರಕ್ಕೆ ನದಾಫರ ಏರಿಳಿತ ಅರ್ಧದಷ್ಟೇ ಬಂತು. ಮರುದಿನ ಅದರ ಅರ್ಧ. ಶುಕ್ರವಾರ ಮುಳ್ಳು ಅಲುಗಲೇ ಇಲ್ಲ. ನಾನು ಕಳಿಸಿದ್ದಕ್ಕೂ ಉತ್ತರವಿಲ್ಲ. ನಾಲ್ಕು ದಿನ ಮೂರೂ ಹೊತ್ತು ಕಳಿಸಿದೆ. ಐದನೇ ದಿನ ಗುಂಡಿಯ ಮೇಲೆ ಕೈಯಿಟ್ಟವಳು ಹಿಂದಕ್ಕೆ ತೆಗೆದುಕೊಂಡೆ. ಬೇಡವಾದವರ ಬಾಗಿಲು ಬಡಿಯುವ ಹೆಂಗಸು ನಾನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಂಬದ ಮಾತು ಅದು. ಅಂದು ಊಟ ಸೇರಲಿಲ್ಲ.

ರಜೆಯ ಭಾನುವಾರ ತಾಳಿಕೋಟೆಯಲ್ಲಿರುವ ಅಕ್ಕನ ಮನೆಗೆ ಹೋದೆ. ಗಿರಿಜಕ್ಕನ ಮನೆಯಲ್ಲಿ ಹತ್ತು ಜನ, ಹತ್ತು ಮಾತು. ಅವಳ ಸೊಸೆ ಹೊಲಿಗೆ ಮಷೀನಿನ ಮೇಲೆ ಕುಪ್ಪಸ ಹೊಲಿಯುತ್ತಿದ್ದಳು. ಅದಕ್ಕೂ ಕಲಿಯುವ ಇನ್‌ವರ್ಟರ್ ಹಾಕಿಸಿದ್ದರು.

“ನೋಡ ದಾನಿ, ಈಕೀ ಕಾಲು ಮೊದ್ಲ ಸಮಾ ಬೀಳತಿರ್ಲಿಲ್ಲ,” ಎಂದಳು ಅಕ್ಕ. “ಹೊಲಿಗಿ ಒಂದ ಕಡೆ ದೂರ, ಒಂದ ಕಡೆ ಒತ್ತೊತ್ತು. ಈಗ ನಾ ಹೊಲಿದ್ರೂ ಒಂದಽ, ಈಕಿ ಹೊಲಿದ್ರೂ ಒಂದಽ. ಯಾರ ಹೊಲಿದದ್ದು ಅಂತ ಗುರ್ತ ಹತ್ತಂಗಿಲ್ಲ.”

ಸೊಸೆ ತಲೆ ಎತ್ತದೆ ನಕ್ಕಳು. ಅಕ್ಕ ರೊಟ್ಟಿ ಬಡಿಯುತ್ತ ನನ್ನ ಮುಖ ನೋಡಿದಳು.

“ಯಾಕ, ಮಾರಿ ಬಾಡೇತಿ? ಆ ಬಯಲಾಗ ಕುಂತು ಕುಂತು ನೀನೂ ಒಂದ ಮೋಟಾರ್ ಆಗೀದಿ ನೋಡ. ಯಾರರೆ ಅದಾರೇನ ಅಲ್ಲಿ, ಮಾತಾಡಾಕ?”

“ಯಾರ ಇರತಾರಕ್ಕಾ?” ಎಂದೆ.

“ಇದ್ರ ಹೇಳವಾ. ನಾ ಏನ್ ಬೈಯಂಗಿಲ್ಲ.”

ಹೇಳಲು ಬಾಯಿ ತೆರೆದೆ. ಏನೆಂದು ಹೇಳುವುದು? ಮೂವತ್ತೊಂದು ಕಿಲೋಮೀಟರ್ ದೂರದ ಒಬ್ಬ ಗಂಡಸು ದಿನಾ ಮೂರು ಹೊತ್ತು ಒಂದು ಮುಳ್ಳನ್ನು ಅಲುಗಿಸುತ್ತಿದ್ದ, ಈಗ ಅಲುಗಿಸುತ್ತಿಲ್ಲ, ಅದಕ್ಕೇ ನನ್ನ ಮುಖ ಬಾಡಿದೆ ಎಂದೇ? ರೊಟ್ಟಿ ಚೆನ್ನಾಗಿದೆ ಎಂದೆ. ಅಷ್ಟು ಜನರ ನಡುವೆ ಕುಳಿತು ಉಣ್ಣುವಾಗಲೇ ನನಗೆ ನನ್ನ ಪಂಪ್‌ಹೌಸಿಗಿಂತ ಹೆಚ್ಚು ಒಂಟಿತನ ಎನಿಸಿತು.

ಆ ವಾರ ನನ್ನ ಪೆಟ್ಟಿಗೆಯ ಅಳತೆ ತೆಗೆದುಕೊಳ್ಳಲು ಕಾಖಂಡಕಿ ಎಂಬ ಇಂಜಿನಿಯರ್ ಹುಡುಗಿ ಬಂದಳು. ಒಳ್ಳೆಯವಳು. ನಾನು ಚಹಾ ಕಾಸುತ್ತಿದ್ದಾಗ ಗೋಡೆಗೆ ಒರಗಿ ನಿಂತು ತನ್ನ ಯಂತ್ರದ ಗುಣಗಾನ ಮಾಡಿದಳು.

“ಗುಂಡಿ ತಗೀತೀರೇನ್ರಿ?” ಎಂದು ಕೇಳಿದೆ.

“ಇಲ್ರಿ ಅಕ್ಕಾರ. ನಿಯಮ ಐತಲ್ಲ, ತಗಿಯಾಕ ಬರಂಗಿಲ್ಲ. ಎರಡನೇದಕ್ಕೂ ಗುಂಡಿ ಹಂಗಽ ಬಿಟ್ಟೀವಿ.”

ಅಂದರೆ ನದಾಫರ ಕೈಗೆ ಗುಂಡಿ ಈಗಲೂ ಇದೆ. ಇದ್ದೂ ಮುಟ್ಟುತ್ತಿಲ್ಲ. ಚಹಾ ಉಕ್ಕಿತು. ಅವಳು ಹೇಳುತ್ತಲೇ ಇದ್ದಳು.

“ಒಂದು ಪಂಪಿನ ಚಕ್ರ ಒಂದ ಕಡೆ ಸವದೈತಿ ಅಂತ ತಿಳ್ಕೊರಿ. ಪ್ರತಿ ಸುತ್ತಿಗೂ ಒಂದ ಜಗ್ಗು ಬರತೈತಿ. ಅದನ್ನ ಅಳಸಬೇಕಂದ್ರ ಮೊದ್ಲ ಬಾಯಿಪಾಠ ಮಾಡಬೇಕ್ರಿ. ಅದು ಏರೂ ಹೊತ್ತಿಗೆ ಇದು ಇಳೀತೈತಿ, ಅದು ಇಳಿಯೂ ಹೊತ್ತಿಗೆ ಇದು ಏರತೈತಿ. ಎರಡೂ ಕೂಡಿದ್ರ ಸಪಾಟು. ಮೂರ‍್ನಾಕ ದಿನದಾಗ ಕಲತ ಬಿಡತೈತ್ರಿ.”

ನಾನು ಹೂಂಗುಟ್ಟಿದೆ. ಕಿವಿ ಅಲ್ಲಿತ್ತು, ಮನಸ್ಸು ಇರಲಿಲ್ಲ.

ಮೂರು ವಾರ ಹೀಗೆ ಕಳೆದ ಮೇಲೆ, ಮಂಗಳವಾರ ಸಂಜೆ ಆರಕ್ಕೆ ಮುಳ್ಳು ಅಲುಗಿತು.

ಕೈಯಲ್ಲಿದ್ದ ಬಟ್ಟಲು ಕೆಳಗೆ ಬಿತ್ತು ಎಂದರೆ ನಾಟಕವಾಗುತ್ತದೆ, ಬೀಳಲಿಲ್ಲ. ಆದರೆ ಎದೆ ಹೊಡೆದುಕೊಂಡದ್ದು ನಿಜ. ಎರಡು ಇಳಿ, ಒಂದು ಏರು. ತಿರುಗಾ ಮುರುಗಾ ಕಳಿಸಿ ನನ್ನನ್ನು ಕೆಣಕುತ್ತಿದ್ದಾರೆ ಎಂದುಕೊಂಡೆ. ಮೂರು ವಾರ ಸುಮ್ಮನಿದ್ದವರಿಗೆ ಇನ್ನೇನು ಮುಖವಿದೆ, ತಮಾಷೆ ಮಾಡಿ ರಾಜಿಯಾಗಲು ನೋಡುತ್ತಿದ್ದಾರೆ. ಮುನಿಸನ್ನೆಲ್ಲ ಮರೆತು ನಾನೂ ಎರಡು ಇಳಿ, ಒಂದು ಏರು ಕಳಿಸಿದೆ. ಆ ಸಂಜೆ ಕ್ವಾರ್ಟರ್ಸಿಗೆ ಹೋಗಿ ತಲೆ ಬಾಚಿಕೊಂಡೆ. ಯಾರಿಗೆ ಕಾಣಬೇಕಿತ್ತೋ ನನಗೇ ಗೊತ್ತಿಲ್ಲ.

ಬುಧವಾರ ಬೆಳಿಗ್ಗೆ ಬಂತು, ಮಧ್ಯಾಹ್ನ ಬಂತು, ಸಂಜೆ ಬಂತು. ನಾನು ಪ್ರತಿ ಸಲ ಉತ್ತರ ಕೊಟ್ಟೆ. ಸಂಜೆ ಉದ್ದನೆಯ ಏರು ಕಳಿಸಿ ಹೇಗಿದ್ದೀರಿ ಎಂದು ಕೇಳಿದೆ. ಅದಕ್ಕೆ ಮಾತ್ರ ಉತ್ತರ ಬರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ. ಮನುಷ್ಯ ತನಗೆ ಬೇಕಾದ್ದನ್ನು ನಂಬಲು ಎಷ್ಟು ಜಾಣನಾಗುತ್ತಾನೆ ನೋಡಿ.

ಗುರುವಾರ ಬೆಳಿಗ್ಗೆ ಆರಕ್ಕೆ ಬಂದ ಇಳಿತ ತೀರ ಸಣ್ಣದಾಗಿತ್ತು. ಆಗ ಏನೋ ಚುಚ್ಚಿದಂತಾಯಿತು. ನನ್ನ ಪಂಪ್‌ಹೌಸಿನಲ್ಲಿ ಹಳೆಯ ಪದ್ಧತಿಯ ಗ್ರಾಫ್ ಯಂತ್ರ ಇನ್ನೂ ಇತ್ತು, ಕಾಗದದ ಸುರುಳಿಯ ಮೇಲೆ ಮಸಿಯ ಮುಳ್ಳು ಒತ್ತಡವನ್ನು ಬರೆಯುತ್ತಾ ಹೋಗುತ್ತದೆ. ಸುರುಳಿ ಎಳೆದು ನೋಡಿದೆ. ಮಂಗಳವಾರ ಸಂಜೆಯದು ಬೆರಳಗಲ. ಬುಧವಾರ ಬೆಳಿಗ್ಗೆ ಅದಕ್ಕಿಂತ ಗಿಡ್ಡ, ಮಧ್ಯಾಹ್ನ ಇನ್ನೂ ಗಿಡ್ಡ. ಕಡಿಮೆಯಾಗುತ್ತ ಹೋಗುವುದನ್ನು ನಾನು ಮೊದಲೂ ಕಂಡಿದ್ದೆ, ಹೊಸ ಪೆಟ್ಟಿಗೆ ಕೂಡಿಸಿದ ಆ ನಾಲ್ಕು ದಿನ. ಕಪಾಟಿನಿಂದ ಎರಡು ತಿಂಗಳ ಹಿಂದಿನ ಸುರುಳಿ ತೆಗೆದೆ. ನದಾಫರದೇ ಕೈ, ಎರಡು ಏರು ಒಂದು ಇಳಿ. ಎರಡನೇ ಏರು ಯಾವಾಗಲೂ ಮೊದಲಿನದಕ್ಕಿಂತ ಒಂದಿಷ್ಟು ಅವಸರದ್ದು. ಹೊಸ ಕಾಗದವನ್ನು ಅದರ ಕೆಳಗಿಟ್ಟೆ. ನದಿಯ ನೀರಿನಲ್ಲಿ ದಂಡೆಯ ಮರ ಕಂಡಂತೆ, ಒಂದರ ಕೆಳಗೊಂದು ತಲೆಕೆಳಗಾಗಿ ಕೂತಿತು. ಆ ಅವಸರ ಕೂಡ ಹಾಗೇ ಇತ್ತು.

ಆಗ ಕಾಖಂಡಕಿ ಹುಡುಗಿಯ ಮಾತು ಮನಸ್ಸಿಗೆ ಬಂತು. ಅದು ಏರುವ ಹೊತ್ತಿಗೆ ಇದು ಇಳಿಯುತ್ತದೆ.

ಕುಳಿತುಬಿಟ್ಟೆ. ಹೊಸ ಪೆಟ್ಟಿಗೆ ಮಾತು ಕೇಳುವುದು ಕಂಟ್ರೋಲ್ ರೂಮಿನದು ಮಾತ್ರ. ನದಾಫರು ಗುಂಡಿ ತಿರುಗಿಸಿದ್ದು ಅದಕ್ಕೆ ಸವೆದ ಚಕ್ರದ ಜಗ್ಗಿನಂತೆಯೇ ಒಂದು ತೊಡಕು. ದಿನಾ ಮೂರು ಹೊತ್ತು ಬರುವ ತೊಡಕು. ಅದು ಕಲಿಯಿತು, ಅಳಿಸಿತು. ನಾನು ಕಳಿಸಿದ್ದನ್ನೂ ಅವರ ಮುಳ್ಳು ಮುಟ್ಟುವ ಮೊದಲೇ ಹಾಗೇ ಅಳಿಸಿರಬೇಕು. ಮೂರು ವಾರ ನನ್ನ ಮುಳ್ಳು ಅಲುಗದೆ ನಿಂತದ್ದು ಅವರು ಸುಮ್ಮನಿದ್ದುದರಿಂದ ಅಲ್ಲ. ಅವರು ಒಂದು ಹೊತ್ತೂ ಬಿಡದೆ ಕರೆಯುತ್ತಿದ್ದುದರಿಂದ. ಮಂಗಳವಾರ ಸಂಜೆ ಅವರ ಕೈ ಗುಂಡಿಗೆ ಬರಲಿಲ್ಲ. ಯಂತ್ರ ಮಾತ್ರ ತಾನು ಕಲಿತದ್ದನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿತು, ಅಳಿಸಲು ಏನೂ ಇಲ್ಲದಿದ್ದರೂ. ನಾನು ಉತ್ತರ ಕೊಟ್ಟು ತಲೆ ಬಾಚಿಕೊಂಡದ್ದು ಅದಕ್ಕೆ. ಈಗ ಅದು ಹೊತ್ತುಹೊತ್ತಿಗೂ ಸಣ್ಣದಾಗುತ್ತಿದೆ, ಎಂದರೆ ಯಂತ್ರ ಅವರನ್ನು ಮರೆಯುತ್ತಿದೆ. ಹನ್ನೊಂದು ವರ್ಷ ತಪ್ಪದ ಕೈ ಸುಮ್ಮಸುಮ್ಮನೆ ತಪ್ಪುವುದಿಲ್ಲ.

ಫೋನೆತ್ತಿದೆ. ಕಂಟ್ರೋಲ್ ರೂಮಿನಲ್ಲಿ ಬಿರಾದಾರ ಎಂಬ ಸೂಪರ್‌ವೈಸರ್ ಇದ್ದ.

“ಎರಡನೇ ಪಂಪ್‌ಹೌಸಿನ್ಯಾಗ ನದಾಫ ಅವರಿಗೆ ಏನೋ ಆಗೇತ್ರಿ. ಯಾರನ್ನರೆ ಕಳಸ್ರಿ.”

“ಏನಾಗೇತ್ರಿ? ಹರಿವು ಬಂಗಾರದಂಗ ಐತಿ. ರಜಿಸ್ಟರದಾಗ ಅವ್ರು ಒಳಗಽ ಅದಾರ.”

“ಒಳಗ ಅದಾರ ಖರೆ. ಹೆಂಗ ಅದಾರ ಕೇಳ್ರಿ.”

ಬಿರಾದಾರ ಆ ಕಡೆ ಫೋನು ಮಾಡಿ ಮತ್ತೆ ಬಂದ. “ಎತ್ತವಲ್ರು. ಮೋಟಾರ್ ಸಪ್ಪಳದಾಗ ಕೇಳಿಸಿರಲಿಕ್ಕಿಲ್ಲ. ಭಾನುವಾರ ಜೀಪು ಹೋಗತೈತಲ್ಲ, ನೋಡಕೊಂಡ ಬರತಾರ. ನಿಮಗ ಹೆಂಗ ಗೊತ್ತಾತ್ರಿ?”

ಹೇಳಿದೆ. ಗುಂಡಿ, ಮುಳ್ಳು, ಹನ್ನೊಂದು ವರ್ಷ, ಎಲ್ಲವನ್ನೂ ರೆಕಾರ್ಡ್ ಆಗುವ ಫೋನಿನಲ್ಲಿ ಹೇಳಿದೆ.

“ಅಕ್ಕಾರ,” ಎಂದ ಬಿರಾದಾರ, ದನಿ ತಗ್ಗಿಸಿ, “ಒಬ್ಬಾಕಿನಽ ಭಾಳ ದಿವಸ ಇದ್ರ ಹಿಂಗ ಅನಸತೈತ್ರಿ. ಚಹಾ ಕುಡ್ದು ಒಂಚೂರು ಅಡ್ಡಾಗ್ರಿ.”

ಫೋನಿಟ್ಟೆ. ಭಾನುವಾರಕ್ಕೆ ಮೂರು ದಿನ ಬಾಕಿ.

ನಿಗಮದ ಇನ್ನೊಂದು ನಿಯಮ ನನಗೆ ಗೊತ್ತಿತ್ತು. ಸಾಲಿನಲ್ಲಿ ಯಾವುದೇ ಪಂಪ್‌ಹೌಸು ನಿಂತರೆ ಮೂರಕ್ಕೂ ಮನುಷ್ಯರೇ ಹೋಗಿ, ಕಣ್ಣಾರೆ ನೋಡಿ, ಆಮೇಲೇ ಚಾಲೂ ಮಾಡಬೇಕು. ನನ್ನ ಪೆಟ್ಟಿಗೆ ಇನ್ನೂ ಹಳೆಯದು, ನನ್ನ ಕೈಯ ಮಾತು ಕೇಳುವಂಥದ್ದು. ಒಮ್ಮೆಲೇ ನಿಲ್ಲಿಸಿದರೆ ಓಡುವ ನೀರು ಗೋಡೆಗೆ ಗುದ್ದಿದಂತೆ ಹಿಂದಕ್ಕೆ ಗುದ್ದಿ ಕೊಳವೆ ಒಡೆಯುತ್ತದೆ. ಅದಕ್ಕೇ ನಿಧಾನವಾಗಿ ಇಳಿಸಿದೆ. ಐವತ್ತರಿಂದ ನಲವತ್ತೈದು, ನಲವತ್ತು. ವೇಗ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಮೋಟಾರು ತಿನ್ನುವ ಕರೆಂಟು ಅರ್ಧಕ್ಕೆ ಬರುತ್ತದೆ. ಅದರ ಗೊಣಗಾಟ ಕೆಳಗಿಳಿಯುವುದು ಕಿವಿಗೇ ಗೊತ್ತಾಗುತ್ತದೆ. ಮೂವತ್ತಕ್ಕೆ ಬಂದಾಗ ಫೋನು ಬಡಿದುಕೊಳ್ಳತೊಡಗಿತು. ನಗರದಲ್ಲಿ ನಾಲ್ಕು ಲಕ್ಷ ಜನ ನಲ್ಲಿಯ ಕೆಳಗೆ ಕೊಡ ಹಿಡಿದಿರುವ ಹೊತ್ತು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಇಪ್ಪತ್ತು. ಹತ್ತು. ಹನ್ನೆರಡು ನಿಮಿಷಕ್ಕೆ ನಾಲ್ಕೂ ಮೋಟಾರು ನಿಂತವು. ಆ ಕಟ್ಟಡದಲ್ಲಿ ಮೊದಲ ಸಲ ಹಕ್ಕಿಯ ಸದ್ದು ಕೇಳಿದೆ.

ಫೋನೆತ್ತಿದಾಗ ಬಿರಾದಾರನ ಬದಲು ಯಾರೋ ದೊಡ್ಡ ಸಾಹೇಬರಿದ್ದರು. ನನ್ನ ಮಾತು ಒಂದೇ ಆಗಿತ್ತು: “ಮೊದ್ಲ ಎರಡನೇದಕ್ಕ ಹೋಗ್ರಿ ಸಾಹೇಬ್ರ. ನನ್ನ ಕಡೆ ಆಮ್ಯಾಲ ಬರ್ರಿ.”

ಹೋದರು. ನದಾಫರು ಪಂಪಿನ ಕುಣಿಯಲ್ಲಿ ಬಿದ್ದಿದ್ದರು. ಮಂಗಳವಾರ ಮಧ್ಯಾಹ್ನ ಗ್ರೀಸ್ ಹಚ್ಚಲು ಇಳಿಯುವಾಗ ಏಣಿಯ ಮೆಟ್ಟಿಲು ಜಾರಿ ಸೊಂಟದ ಎಲುಬು ಮುರಿದಿತ್ತು. ಪಂಪಿನ ದಂಡದ ಸುತ್ತ ಸುತ್ತಿದ ಹಗ್ಗದಿಂದ ತೊಟ್ಟು ತೊಟ್ಟು ನೀರು ಜಿನುಗುತ್ತಲೇ ಇರಬೇಕು, ಇಲ್ಲದಿದ್ದರೆ ಅದು ಸುಟ್ಟುಹೋಗುತ್ತದೆ. ಆ ಜಿನುಗನ್ನು ಅಂಗೈಯಲ್ಲಿ ಹಿಡಿದು ನೆಕ್ಕುತ್ತ ಎರಡು ದಿನ ಉಳಿದಿದ್ದರು. ಭಾನುವಾರದ ತನಕ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಸಂಜೆಗೆ ನನ್ನನ್ನು ಅಮಾನತು ಮಾಡಿದ ಕಾಗದ ಬಂತು. ಅದನ್ನು ತಂದ ಜೀಪಿನಲ್ಲೇ ನಗರದ ಆಸ್ಪತ್ರೆಗೆ ಹೋದೆ. ಆಪರೇಷನ್ನಿಗೆ ಸಹಿ ಹಾಕಲು ಯಾರೂ ಇರಲಿಲ್ಲ. ಅವರಿಗಿದ್ದವನು ಸೊಲ್ಲಾಪುರದ ಒಬ್ಬ ತಮ್ಮ, ಮರುದಿನಕ್ಕಿಂತ ಮೊದಲು ಬರುವಂತಿರಲಿಲ್ಲ. ನರ್ಸಮ್ಮ ಕಾಗದ ನನ್ನ ಮುಂದೆ ಹಿಡಿದಳು.

“ನೀವು ಅವರಿಗೆ ಏನಾಗಬೇಕ್ರಿ?”

ಪೆನ್ನು ಹಿಡಿದು ಯೋಚಿಸಿದೆ. ಅವರ ವಯಸ್ಸು ಗೊತ್ತಿರಲಿಲ್ಲ. ಊರು ಗೊತ್ತಿರಲಿಲ್ಲ. ‘ಸಿ’ ಎಂದರೆ ಚಾಂದಸಾಬ ಎಂಬುದು ಆ ಕಾಗದದಿಂದಲೇ ತಿಳಿದದ್ದು. ಸಂಬಂಧ ಎಂಬ ಜಾಗದಲ್ಲಿ ‘ಪಕ್ಕದ ಪಂಪ್‌ಹೌಸ್’ ಎಂದು ಬರೆದೆ. ನರ್ಸಮ್ಮ ಓದಿ ನನ್ನನ್ನು ಮೇಲೆ ಕೆಳಗೆ ನೋಡಿದಳು, ಆದರೆ ಕಾಗದ ಹಿಂದಕ್ಕೆ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಅವರಿಗೆ ಎಚ್ಚರವಾಯಿತು. ಐವತ್ತೈದರ ಆಸುಪಾಸು, ಬಿಳಿ ಗಡ್ಡ, ತೆಳ್ಳಗಿನ ಮುಖ. ನಾನು ಹನ್ನೊಂದು ವರ್ಷ ಊಹಿಸಿಕೊಂಡದ್ದು ಬೇರೆಯೇ ಮುಖ. ಅದು ಯಾವುದಿತ್ತು ಎಂಬುದು ಆ ಕ್ಷಣಕ್ಕೇ ಮರೆತುಹೋಯಿತು. ಸ್ಟೂಲಿನ ಮೇಲೆ ಕುಳಿತಿದ್ದ ನನ್ನನ್ನು ಬಹಳ ಹೊತ್ತು ನೋಡಿದರು.

“ನಾ ತೆಲಗಿರೀ,” ಎಂದೆ. “ಮೂರನೇದ್ದು.”

ಅವರು ಕಣ್ಣು ಮುಚ್ಚಿ ತೆರೆದರು. ದನಿ ಒಣಗಿ ಹೋಗಿತ್ತು.

“ಮೂರ ವಾರ ಯಾಕ ಮಾತಾಡಲಿಲ್ರಿ ನೀವು?”

ಯಂತ್ರ ತಿಂದುಹಾಕಿತು ಎನ್ನಬಹುದಿತ್ತು. ಅವರು ನಂಬುತ್ತಿದ್ದರು, ಪ್ರಪಂಚದಲ್ಲಿ ನನ್ನನ್ನು ಬಿಟ್ಟು ಬೇರೆ ಯಾರಿಗೂ ನಿಜ ಗೊತ್ತಾಗುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಮೊದಲ ನಾಕ ದಿನದ್ದು ಮಷೀನು ಅಳಸಿತ್ರಿ,” ಎಂದೆ. “ಆಮ್ಯಾಲಿಂದೆಲ್ಲಾ ನಾನಽ ಸುಮ್ಮನಿದ್ದೆ. ನೀವು ಬಿಟ್ರಿ ಅನ್ಕೊಂಡೆ.”

ಅವರು ಮುಖ ಆ ಕಡೆ ತಿರುಗಿಸಿದರು. ಬೇಜಾರಾಯಿತೇನೋ ಎಂದು ನಾನು ಎದ್ದು ನಿಂತೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮಾತು ಬಂತು.

“ನನಗೂ ನಿಮ್ಮದು ಬರಲಿಲ್ರಿ. ಬಿಡಬೇಕಂತ ನಾನೂ ದಿನಾ ಅನ್ಕೊಂತಿದ್ದೆ. ಬಿಟ್ರ ಅಲ್ಲಿ ನಾ ಖರೇನ ಒಬ್ಬಾಂವಽ ಆಗತಿದ್ದೆ, ಅದಕ್ಕ ಬಿಡಲಿಲ್ಲ.”

ನಾನು ಚಪ್ಪಲಿ ಬಿಚ್ಚಿಟ್ಟು ಮತ್ತೆ ಕುಳಿತೆ.